ಶುಂಠಿ ಮುರಬ್ಬಾ, ನಿಂಬೆಹುಳಿ, ಒಂದೂವರೆ ಪೆಗ್

ಬೆಂಗಳೂರಿನ ಬಾರ್‌ಗಳಲ್ಲಿ ಶುಂಠಿ ಹಾಕಿದ ಕಾಕ್‌ಟೇಲ್ ಕೇಳಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಸಿಗುತ್ತೆ. ಒಂದು, ಕ್ಯಾನಿನಿಂದ ಸುರಿದ ಜಿಂಜರ್ ಏಲ್. ಅದರಲ್ಲಿ ಸಕ್ಕರೆ ಗೊತ್ತಾಗುತ್ತೆ, ಶುಂಠಿಯನ್ನು ಹುಡುಕಬೇಕು. ಇನ್ನೊಂದು, ಹಸಿಶುಂಠಿ ಜಜ್ಜಿ ಹಾಕಿದ್ದು. ಮೊದಲ ಗುಟುಕು ಕಷಾಯ ಕುಡಿದ ಹಾಗೆ, ಕೊನೆಯ ಗುಟುಕಿನ ಹೊತ್ತಿಗೆ ಹಲ್ಲಿನ ಸಂದಿಯಲ್ಲಿ ನಾರು. ಮೂರನೇ ದಾರಿಯೊಂದಿದೆ, ಅದು ನಮ್ಮಲ್ಲಿ ಅನೇಕರ ಅಡುಗೆಮನೆ ಕಪಾಟಿನಲ್ಲೇ ಇದೆ: ಶುಂಠಿ ಮುರಬ್ಬಾ.

ಸಿಹಿ ಪಾಕದಲ್ಲಿ ಹಣ್ಣೋ ಗೆಡ್ಡೆಯೋ ಇಟ್ಟು ಅದನ್ನ ಮದ್ಯಕ್ಕೆ ಬೆರೆಸೋದು ಇನ್‌ಸ್ಟಾಗ್ರಾಮ್ ರೀಲ್ಸ್ ಕಂಡುಹಿಡಿದ ಐಡಿಯಾ ಅಲ್ಲ. ಲಂಡನ್ನಿನ ಸವಾಯ್ ಹೋಟೆಲಿನ ಹ್ಯಾರಿ ಕ್ರಾಡಕ್ 1930ರಲ್ಲಿ ತಂದ ಕಾಕ್‌ಟೇಲ್ ಪುಸ್ತಕದಲ್ಲೇ ಕಿತ್ತಳೆ ಮಾರ್ಮಲೇಡ್ ಹಾಕುವ ಜಿನ್ ಕಾಕ್‌ಟೇಲ್ ಇದೆ. ಶುಂಠಿಯ ವಿಷಯಕ್ಕೆ ಬಂದರೆ, ನ್ಯೂಯಾರ್ಕಿನ ಮಿಲ್ಕ್ ಆಂಡ್ ಹನಿ ಬಾರ್‌ನಲ್ಲಿ ಸ್ಯಾಮ್ ರಾಸ್ ಅನ್ನುವವರು 2005ರಲ್ಲಿ ಮಾಡಿದ 'ಪೆನಿಸಿಲಿನ್' ಈಗ ಎಲ್ಲ ಕಡೆ ಸಿಗುತ್ತೆ. ಸ್ಕಾಚ್, ನಿಂಬೆ, ಜೇನು, ಶುಂಠಿ, ಮೇಲೆ ಹೊಗೆ ವಾಸನೆಯ ವಿಸ್ಕಿಯ ಒಂದು ಪದರ. ಹೆಸರು ನೋಡಿ! ನಮ್ಮ ಮನೆಗಳಲ್ಲಿ ಕೆಮ್ಮಿಗೆ ಕೊಡುವ ಸಾಮಾನುಗಳಿಗೇ ವಿಸ್ಕಿ ಸೇರಿಸಿ ಅವರು ಔಷಧದ ಹೆಸರಿಟ್ಟಿದ್ದಾರೆ.

ಮುರಬ್ಬಾ ಇಲ್ಲದವರು ಮೊದಲು ಅದನ್ನು ಮಾಡಿಕೊಳ್ಳಬೇಕು. ಅರ್ಧ ಕೆಜಿ ಎಳೆ ಶುಂಠಿ ತನ್ನಿ. ಎಳೆಯದು ಅಂದ್ರೆ ಸಿಪ್ಪೆ ತೆಳ್ಳಗಿದ್ದು, ಉಗುರಿನಲ್ಲಿ ಕೆರೆದರೆ ಬರಬೇಕು. ನಮ್ಮಲ್ಲಿ ಏಪ್ರಿಲ್-ಮೇನಲ್ಲಿ ನೆಟ್ಟ ಶುಂಠಿ ಬಲಿತು ಒಣಗಿಸೋಕೆ ಯೋಗ್ಯವಾಗೋದು ಡಿಸೆಂಬರ್ ಮೇಲೆ. ಅದಕ್ಕೆ ಮುಂಚೆ, ಆರನೇ ತಿಂಗಳ ಆಸುಪಾಸಿನಲ್ಲಿ ಕಿತ್ತದ್ದರಲ್ಲಿ ನಾರು ಕಡಿಮೆ, ಮುರಬ್ಬಾಗೆ ಅದೇ ಸರಿ. ಹತ್ತು ನಿಮಿಷದ ಡೆಲಿವರಿ ಆ್ಯಪ್‌ನಲ್ಲಿ ಬರೋದು ಬಹುಪಾಲು ಬಲಿತ ಶುಂಠಿ. ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ, ಮುರಿದು ನೋಡಿ ತರೋದು ವಾಸಿ.

ಚಮಚದಿಂದ ಸಿಪ್ಪೆ ಕೆರೆದು, ತೆಳುವಾಗಿ ಬಿಲ್ಲೆ ಹೆಚ್ಚಿ, ನೀರಲ್ಲಿ ಹತ್ತು ನಿಮಿಷ ಕುದಿಸಿ ಬಸಿಯಿರಿ. ಇನ್ನೊಂದು ಸಲ ಹೊಸ ನೀರಲ್ಲಿ ಕುದಿಸಿ. ಬಸಿದ ಮೊದಲ ನೀರನ್ನ ಚೆಲ್ಲಬೇಡಿ, ಎರಡು ದಿನ ಟೀಗೆ ಆಗುತ್ತೆ. ಆಮೇಲೆ ಅರ್ಧ ಕೆಜಿ ಸಕ್ಕರೆ, ಕಾಲು ಲೀಟರ್ ನೀರು, ಬಿಲ್ಲೆಗಳು, ಸಣ್ಣ ಉರಿ. ಬಿಲ್ಲೆ ಗಾಜಿನ ಹಾಗೆ ಹೊಳೆಯುತ್ತಾ ಬಂದು, ಪಾಕ ಬೆರಳುಗಳ ಮಧ್ಯೆ ಒಂದೆಳೆ ಬಂದಾಗ ಇಳಿಸಿ. ಇಳಿಸುವ ಐದು ನಿಮಿಷ ಮುಂಚೆ ಅರ್ಧ ನಿಂಬೆಹಣ್ಣು ಹಿಂಡಿ. ಹುಳಿ ಸೇರಿದರೆ ಸಕ್ಕರೆಯ ಒಂದಿಷ್ಟು ಭಾಗ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತೆ, ಬಾಟಲಿಯಲ್ಲಿ ಪಾಕ ಕಲ್ಲುಸಕ್ಕರೆ ಕಟ್ಟಲ್ಲ.

ಇಲ್ಲೊಂದು ಇಂಜಿನಿಯರ್ ಮಾತು. ಥರ್ಮಾಮೀಟರ್ ಇಟ್ಟುಕೊಂಡು ಮಾಡುವ ಗೆಳೆಯರು ವಿದೇಶಿ ರೆಸಿಪಿ ನೋಡಿ 105 ಡಿಗ್ರಿ ಬರುವ ತನಕ ಕಾಯಿಸ್ತಾರೆ. ಆ ಲೆಕ್ಕ ಸಮುದ್ರಮಟ್ಟದ್ದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತೆ, ಇಲ್ಲಿ ನೀರು 97ಕ್ಕೇ ಕುದಿಯುತ್ತೆ. ಹಾಗಾಗಿ ನಮ್ಮ ಪಾಕ 102ಕ್ಕೇ ತಯಾರು. 105ರ ತನಕ ಕಾದರೆ ಚಮಚ ಪಾಕದಲ್ಲಿ ನೆಟ್ಟಗೆ ನಿಲ್ಲುತ್ತೆ. ಮಂಗಳೂರಿನವರಿಗೆ ಈ ತಾಪತ್ರಯವಿಲ್ಲ.

ಬೇಯಿಸಿದ ಶುಂಠಿ ಯಾಕೆ, ಹಸಿಯದ್ದೇ ಯಾಕಾಗಬಾರದು ಅಂತ ಕೇಳಬಹುದು. ಹಸಿಶುಂಠಿಯ ಖಾರ ಜಿಂಜೆರಾಲ್‌ನದು. ಬೇಯಿಸಿದಾಗ ಅದರಲ್ಲಿ ಒಂದು ಪಾಲು ಜಿಂಜೆರೋನ್ ಆಗುತ್ತೆ, ಖಾರ ಮೆತ್ತಗಾಗಿ ಸ್ವಲ್ಪ ಸಿಹಿ ಕಂಪು ಬರುತ್ತೆ. ಒಣಗಿಸಿದಾಗ ಅದೇ ಜಿಂಜೆರಾಲ್ ನೀರು ಕಳೆದುಕೊಂಡು ಶೋಗಾಲ್ ಆಗುತ್ತೆ. ಜಪಾನಿ ಭಾಷೆಯಲ್ಲಿ ಶುಂಠಿಗೆ ಶೋಗಾ ಅಂತಾರೆ, ಹೆಸರು ಬಂದದ್ದು ಅಲ್ಲಿಂದ. ಅದರ ಖಾರ ಜಿಂಜೆರಾಲ್‌ಗಿಂತ ಜಾಸ್ತಿ. ಉತ್ತರ ಕರ್ನಾಟಕದ ಕಡೆ ಹಸಿಯದ್ದಕ್ಕೆ ಅಲ್ಲ, ಒಣಗಿದ್ದಕ್ಕೆ ಶುಂಠಿ ಅಂತ ಬೇರೆ ಬೇರೆ ಹೆಸರಿಟ್ಟಿದ್ದಾರಲ್ಲ, ಕೆಮಿಸ್ಟ್ರಿ ಓದದೆಯೂ ಅವರಿಗೆ ಇವೆರಡೂ ಒಂದೇ ಅಲ್ಲ ಅಂತ ಗೊತ್ತಿತ್ತು.

ಈಗ ಗ್ಲಾಸಿಗೆ ಬರೋಣ. ಶೇಕರ್ ಬೇಕಿಲ್ಲ. ಬಿಗಿ ಮುಚ್ಚಳದ ಗಾಜಿನ ಬಾಟಲಿ, ಟೀ ಸೋಸುವ ಜರಡಿ, ಮಿಲಿಲೀಟರ್ ಗುರುತಿರುವ ಕೆಮ್ಮಿನ ಸಿರಪ್ಪಿನ ಮುಚ್ಚಳ ಸಾಕು. ಬಾಟಲಿಗೆ ಮುರಬ್ಬಾದ ಎರಡು ಬಿಲ್ಲೆ, 20 ಮಿಲಿ ಪಾಕ, 20 ಮಿಲಿ ನಿಂಬೆರಸ, ಒಂದು ಚಿಟಿಕೆ ಉಪ್ಪು. ಲಟ್ಟಣಿಗೆಯ ತುದಿಯಿಂದ ಬಿಲ್ಲೆಗಳನ್ನ ಜಜ್ಜಿ. ಐಸ್ ಹಾಕೋ ಮುಂಚೆಯೇ ಪಾಕ ನಿಂಬೆರಸದಲ್ಲಿ ಕರಗಬೇಕು, ಇದು ಮುಖ್ಯ. ತಣ್ಣಗಾದ ಮೇಲೆ ಪಾಕ ಗಟ್ಟಿಯಾಗಿ ತಳ ಹಿಡಿದು ಕೂತುಬಿಡುತ್ತೆ. ಆಮೇಲೆ 45 ಮಿಲಿ ವಿಸ್ಕಿ ಅಥವಾ ರಮ್, ಬಾಟಲಿ ಮುಕ್ಕಾಲು ಐಸ್, ಹದಿನೈದು ಸೆಕೆಂಡು ಜೋರಾಗಿ ಕುಲುಕಿ. ಕೈ ಮರಗಟ್ಟಬೇಕು. ಜರಡಿಯಲ್ಲಿ ಸೋಸಿ ಹೊಸ ಐಸ್ ಇರುವ ಗ್ಲಾಸಿಗೆ. ಕುಲುಕುವಾಗ ಕರಗಿದ ನೀರೂ ರೆಸಿಪಿಯ ಭಾಗವೇ. ಅದಿಲ್ಲದಿದ್ದರೆ ಗಂಟಲು ಸುಡುತ್ತೆ.

ರಮ್ ಹಾಕಿದರೆ ಮೇಲೆ ಸೋಡಾ. ರಮ್ ಹುಟ್ಟೋದೇ ಕಬ್ಬಿನಿಂದ, ಪಾಕದ ಜೊತೆ ಜಗಳವಾಡಲ್ಲ. ವಿಸ್ಕಿಯಾದರೆ ಸೋಡಾ ಬೇಡ, ಹೊಗೆ ವಾಸನೆಯ ಪೀಟೆಡ್ ವಿಸ್ಕಿ ಇದ್ದರೆ ಮೇಲೆ ಒಂದು ಚಮಚ ತೇಲಿಬಿಡಿ. ನಮ್ಮ ಬೆಂಗಳೂರಿನ ಅಮೃತ್ 2004ರಲ್ಲಿ ಗ್ಲಾಸ್ಗೋಗೆ ಹೋಗಿ ಸಿಂಗಲ್ ಮಾಲ್ಟ್ ಮಾರಾಟಕ್ಕಿಟ್ಟ ಕಥೆ ನಿಮಗೆ ಗೊತ್ತಿರಬಹುದು, ಅವರದ್ದೂ ಒಂದು ಪೀಟೆಡ್ ಇದೆ. ಆ ವಾಸನೆ ನನಗೆ ಮಾತ್ರ ಮಲೆನಾಡಿನ ಬಚ್ಚಲೊಲೆಯದ್ದೇ ಅನ್ನಿಸುತ್ತೆ. ಜಿನ್ ಜೊತೆ ಮುರಬ್ಬಾ ನನಗೆ ಹಿಡಿಸಲಿಲ್ಲ. ವೋಡ್ಕಾ ಜೊತೆ ಚೆನ್ನಾಗಿರುತ್ತೆ, ಆದರೆ ಅದರ ಬಗ್ಗೆ ಹೇಳೋಕೆ ಏನೂ ಇಲ್ಲ.

ಹುಳಿ, ಸಿಹಿ, ಖಾರ, ಚಿಟಿಕೆ ಉಪ್ಪು. ಇದು ರಾಮನವಮಿಯ ಪಾನಕದ ಲೆಕ್ಕವೇ, ಬೆಲ್ಲದ ಜಾಗದಲ್ಲಿ ಸಕ್ಕರೆ ಬಂದಿದೆ ಅಷ್ಟೆ. ಅಡಚಣೆ ಇರೋದೂ ಇಲ್ಲೇ. ಸಿಹಿ ಮತ್ತು ಶುಂಠಿ ಎರಡೂ ಸೇರಿ ಮದ್ಯದ ರುಚಿಯನ್ನ ಮುಚ್ಚಿಹಾಕುತ್ತವೆ. ನೀರು ಬೆರೆಸಿದ ವಿಸ್ಕಿಯನ್ನ ಒಂದು ಗಂಟೆ ಕೂತು ಕುಡಿಯುವವರು ಇದನ್ನ ಹತ್ತು ನಿಮಿಷಕ್ಕೆ ಮುಗಿಸಿ ಗ್ಲಾಸ್ ಚಾಚ್ತಾರೆ. ಆದ್ದರಿಂದ ಲೆಕ್ಕ ಹಾಕಲೇಬೇಕು. ನಮ್ಮ ದೇಶದ ವಿಸ್ಕಿ, ರಮ್ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್. ಒಂದು ಸಣ್ಣ ಪೆಗ್ ಅಂದ್ರೆ 30 ಮಿಲಿ, ಅದರಲ್ಲಿ ಆಲ್ಕೋಹಾಲ್ ಸುಮಾರು 10 ಗ್ರಾಂ. ಮೇಲಿನ ಗ್ಲಾಸಿನಲ್ಲಿ ಒಂದೂವರೆ ಪೆಗ್, 15 ಗ್ರಾಂ. ಎರಡು ಗ್ಲಾಸ್ ಅಂದ್ರೆ ಮೂರು ಪೆಗ್. 'ನಾನು ಬರೀ ಬಿಯರ್' ಅನ್ನೋರಿಗೂ ಹೇಳ್ತೀನಿ, ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ ಇರೋದು 41 ಗ್ರಾಂ, ನಾಲ್ಕು ಸಣ್ಣ ಪೆಗ್ಗಿನಷ್ಟು. ನಂಬಿಕೆ ಇಲ್ಲದಿದ್ದರೆ ಗುಣಿಸಿ ನೋಡಿ: ಮಿಲಿ, ಶೇಕಡಾ, ಆಮೇಲೆ 0.789.

ಶುಂಠಿ ಹಾಕಿದ್ದರಿಂದ ಇದು ಆರೋಗ್ಯಕ್ಕೆ ಒಳ್ಳೇದಾಗಲ್ಲ. ಹ್ಯಾಂಗೋವರ್ ಬರಲ್ಲ ಅನ್ನೋದೂ ಸುಳ್ಳು. ಇಷ್ಟು ಕುಡಿದರೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದನ್ನ ಓದಿಯೂ ನಾನು ತಿಂಗಳಿಗೆ ಎರಡು ಶುಕ್ರವಾರ ಕುಡೀತೀನಿ. ಕುಡಿಯೋದಾದರೆ ಎಷ್ಟು ಅಂತ ಗೊತ್ತಿರಲಿ ಅನ್ನುವುದಷ್ಟೇ ನನ್ನ ವಾದ. ಮನೆಗೆ ಬಂದವರು ಕ್ಯಾಬ್‌ನಲ್ಲೇ ವಾಪಸ್ ಹೋಗಬೇಕು ಅನ್ನೋದು ನಮ್ಮ ಫ್ಲಾಟಿನ ಕಾನೂನು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ ₹10,000 ದಂಡ, ಇಲ್ಲವೇ ಜೈಲು. ದಂಡ ಕಟ್ಟಿ ಹೋದರೆ ಅದೃಷ್ಟ, ಯಾರಿಗಾದರೂ ಗುದ್ದಿದರೆ?

ನಮ್ಮ ಗುಂಪಿನಲ್ಲಿ ಒಬ್ಬ ಎಂಟು ತಿಂಗಳಿಂದ ಕುಡಿಯುತ್ತಿಲ್ಲ. ಯಾಕೆ ಅಂತ ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಆದರೆ ಶುಕ್ರವಾರ ತಪ್ಪಿಸಲ್ಲ. ಮೊದಮೊದಲು ಅವನಿಗೆ ಟೆಟ್ರಾಪ್ಯಾಕಿನ ಮಾವಿನ ಜೂಸು ಬರ್ತಿತ್ತು. ಒಂದು ದಿನ ಅವನೇ ಹೇಳಿದ, "ಗುರು, ನಾನೇನು ಬರ್ತ್‌ಡೇ ಪಾರ್ಟಿಗೆ ಬಂದಿರೋ ಮಗುನಾ? ನಿಮ್ ಥರಾನೇ ಏನಾದ್ರೂ ಮಾಡಿ ಕೊಡು."

ಆ 'ನಿಮ್ ಥರಾನೇ' ಅನ್ನೋದರ ಹಿಂದೆ ನಾನು ಸುಮಾರು ವಾರ ಓಡಾಡಿದೆ. ಮದ್ಯ ತೆಗೆದರೆ ಗ್ಲಾಸಿನಿಂದ ಹೋಗೋದು ಎರಡು: ಕಹಿ-ಒಗರು, ಮತ್ತೆ ಗಂಟಲಿಗೆ ಇಳಿಯುವಾಗಿನ ಉರಿ. ಒಗರಿಗೆ ಟೀ ಇದೆ. ಉರಿಗೆ ಒಣಶುಂಠಿ ಮತ್ತು ಕಾಳುಮೆಣಸು. ಬಿಸಿಯನ್ನು, ಖಾರವನ್ನು ಗ್ರಹಿಸುವ ನರದ ತುದಿಗಳನ್ನೇ ಮದ್ಯವೂ ಕೆರಳಿಸೋದು. ಹಾಗಾಗಿ ಗಂಟಲಿಗೆ ಆ ಉರಿ ನಕಲು ಅನ್ನಿಸಲ್ಲ.

ಅವನ ಗ್ಲಾಸು ಹೀಗಿದೆ. ಹಾಲಿಲ್ಲದ ಟೀಯನ್ನ ಮಾಮೂಲಿಗಿಂತ ಎರಡರಷ್ಟು ಪುಡಿ ಹಾಕಿ ಮಾಡಿ, ಸೋಸಿ, ತಣ್ಣಗಾಗಿಸಿ. ಅದು 60 ಮಿಲಿ, ಮುರಬ್ಬಾ ಪಾಕ 20, ನಿಂಬೆರಸ 20, ಜಜ್ಜಿದ ಎರಡು ಬಿಲ್ಲೆ, ಒಣಶುಂಠಿ ಪುಡಿ ಚೂರೇ ಚೂರು, ಕುಟ್ಟಿದ ಮೆಣಸು ಎರಡು ಕಾಳು, ಕಪ್ಪುಪ್ಪು. ಅದೇ ರೀತಿ ಐಸ್ ಹಾಕಿ ಕುಲುಕಿ, ಸೋಸಿ, ಅದೇ ಥರದ ಗ್ಲಾಸಿಗೆ. ಮೇಲೆ ಸ್ವಲ್ಪ ಸೋಡಾ. ಅಂಗಡಿಯಲ್ಲಿ ಸಿಗುವ ಕಾಕ್‌ಟೇಲ್ ಬಿಟರ್ಸನ್ನ ಇದಕ್ಕೆ ಎರಡು ಹನಿ ಅಂತಲೂ ಹಾಕಬೇಡಿ, ಅಂಗೋಸ್ಟುರಾದಲ್ಲಿ ಶೇ. 44.7 ಆಲ್ಕೋಹಾಲ್ ಇದೆ. ಕೊಡಗಿನಿಂದ ತಂದ ಶುಂಠಿ ವೈನೂ ಬೇಡ, ಹೆಸರು ಸೌಮ್ಯವಾಗಿದ್ದರೂ ಅದು ವೈನೇ. ಅವನ ಬಾಟಲಿ, ಜರಡಿ ಬೇರೆ. ಅವನದ್ದನ್ನೇ ಮೊದಲು ಮಾಡಿ ಕೊಡೋದು. ಮೊದಲ ದಿನ ಕುಡಿದವನು ಒಂದು ನಿಮಿಷ ಸುಮ್ಮನಿದ್ದು "ಇದ್ರಲ್ಲಿ ಏನೂ ಇಲ್ಲ ತಾನೇ?" ಅಂತ ಕೇಳಿದ. ಮುಂದೆ ನಿಲ್ಲಿಸಿಕೊಂಡು ಇನ್ನೊಂದು ಮಾಡಿ ತೋರಿಸಿದೆ. ನೀವೂ ಹಾಗೇ ಮಾಡಿ. ಬಿಟ್ಟವರಿಗೆ ನಮ್ಮ ಮಾತಿಗಿಂತ ಕಣ್ಣಾರೆ ಕಂಡದ್ದು ದೊಡ್ಡದು.

ಮುರಬ್ಬಾ ಎಲ್ಲಿಂದ ಅನ್ನೋ ಪ್ರಶ್ನೆಯೂ ಇದೆ. ತೀರ್ಥಹಳ್ಳಿ ಕಡೆಯಿಂದ ಅಮ್ಮ ವರ್ಷಕ್ಕೊಂದು ದೊಡ್ಡ ಬಾಟಲಿ ಬಸ್ಸಿಗೆ ಹಾಕಿ ಕಳಿಸ್ತಾಳೆ. ಅವಳದ್ದು ನನ್ನದಕ್ಕಿಂತ ಎಷ್ಟೋ ಪಾಲು ಚೆನ್ನ, ಏಲಕ್ಕಿ ಯಾವಾಗ ಹಾಕ್ತಾಳೋ ಗೊತ್ತಿಲ್ಲ. ಕಾಕ್‌ಟೇಲಿಗೆ ಹಾಕುವ ಯೋಚನೆ ಬಂದಾಗ ಫೋನ್ ಮಾಡಿ ಅವಳಿಗೆ ಹೇಳಿಯೇ ಹೇಳಿದೆ. ನಮ್ಮ ಮನೆಯಲ್ಲಿ ಇದು ಹಗುರದ ವಿಷಯ ಅಲ್ಲ. ಅಮ್ಮನ ತಮ್ಮ, ನನ್ನ ಸೋದರಮಾವ, ಲಿವರ್ ಹೋಗಿ 49ಕ್ಕೇ ತೀರಿಕೊಂಡರು. ಕೊನೆಯ ವರ್ಷ ಅವರಿಗೆ ಗಂಜಿ ಕುಡಿಸಿದವಳು ಅಮ್ಮನೇ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಅಲ್ಲ ಮಾರಾಯ, ನೀನು ದೊಡ್ಡವನಾಗಿದೀಯ, ಬೇಡ ಅಂದ್ರೆ ಕೇಳ್ತೀಯಾ? ಆದ್ರೆ ನಾನು ಮಾಡಿ ಕಳ್ಸಿದ್ದನ್ನ ಅದಕ್ಕೆ ಹಾಕ್ಬೇಡ. ಅಷ್ಟು ಮಾಡು."

ವಾದ ಮಾಡಬಹುದಿತ್ತು, ಪೆಗ್ಗಿನ ಲೆಕ್ಕ ಒಪ್ಪಿಸಬಹುದಿತ್ತು. ಅವಳು ಕೇಳಿದ್ದು ಲೆಕ್ಕ ಅಲ್ಲ. ಹಾಗಾಗಿ ನಮ್ಮ ಫ್ರಿಜ್ಜಿನಲ್ಲೀಗ ಎರಡು ಬಾಟಲಿ. ನಾನು ಮಾಡಿದ್ದು ರಮ್ಮಿಗೆ. ಅಮ್ಮನದ್ದು ಕೆಮ್ಮಿಗೆ, ಚಪಾತಿಗೆ, ಮತ್ತೆ ಆ ಗೆಳೆಯನ ಗ್ಲಾಸಿಗೆ. ಅವನಿಗೆ ಕೊಡ್ತಿರೋದು ಅವಳಿಗೂ ಗೊತ್ತು. ಈ ವರ್ಷದ ಬಾಟಲಿ ಹೋದ ವರ್ಷದ್ದಕ್ಕಿಂತ ದೊಡ್ಡದು ಬಂದಿದೆ.

ಇಡುವ ವಿಷಯ ಹೇಳಿ ಮುಗಿಸ್ತೀನಿ. ಒಂದೆಳೆ ಪಾಕದ ಮುರಬ್ಬಾ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತೆ, ಸಕ್ಕರೆಯ ಸಾಂದ್ರತೆಯೇ ಅದನ್ನ ಕಾಯೋದು. ಸಮ ಸಮ ನೀರು ಸೇರಿಸಿ ತೆಳು ಸಿರಪ್ ಮಾಡಿಟ್ಟರೆ ಎರಡು ವಾರದೊಳಗೆ ಮುಗಿಸಿಬಿಡಿ. ಒದ್ದೆ ಚಮಚ ಹಾಕಬೇಡಿ, ಬೂಷ್ಟು ಕಂಡರೆ ಮೇಲಿನದ್ದು ತೆಗೆದು ಬಳಸೋ ಜಾಣತನ ಬೇಡ, ಇಡೀ ಬಾಟಲಿ ಚೆಲ್ಲಿ. ಪಾಕ ತೀರಿ ಬಿಲ್ಲೆಗಳಷ್ಟೇ ಉಳಿದರೆ ಜರಡಿಯ ಮೇಲೆ ಒಂದು ರಾತ್ರಿ ಒಣಗಿಸಿ, ಸಕ್ಕರೆಯಲ್ಲಿ ಹೊರಳಿಸಿ ಡಬ್ಬಿಗೆ ಹಾಕಿಡಿ. ನಮ್ಮ ಆಫೀಸಿನಲ್ಲಿ ಅದು ಸೋಮವಾರ ಬೆಳಗಿನ ಮೀಟಿಂಗ್ ಮುಗಿಯೋ ಮುಂಚೆ ಖಾಲಿಯಾಗುತ್ತೆ.