ಮಾರುಕಟ್ಟೆ ಸಮೀಕ್ಷೆಯ ವಿದ್ಯೆ ರೈತರಿಗೂ ಬೇಕು

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದಲ್ಲಿ ಕೆಲವು ತಿಂಗಳು ಹಳ್ಳಿಗಳಲ್ಲಿಯೇ ತಂಗುವುದನ್ನು ನೀವು ನೋಡಿದ್ದೀರಿ. ಅವರಲ್ಲಿ ಒಬ್ಬನೋ ಒಬ್ಬಳೋ ನಿಮ್ಮ ಜಗುಲಿಯ ಮೇಲೆ ಕುಳಿತು, ಪ್ರಶ್ನಾವಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಎಷ್ಟು ಎಕರೆ, ಎಷ್ಟು ಮೂಟೆ, ಯಾವ ಮಂಡಿಗೆ ಹಾಕಿದಿರಿ, ಕೈಗೆ ಬಂದದ್ದೆಷ್ಟು ಎಂದು ಕೇಳಿರಬಹುದು. ನೀವು ಕಾಫಿ ಕೊಟ್ಟು, ಬಾಯಿಗೆ ಬಂದ ಅಂಕಿಯನ್ನು ಹೇಳಿ ಕಳುಹಿಸಿರಬಹುದು. ಪಾಪ, ಹುಡುಗರಿಗೆ ಅಂಕ ಸಿಕ್ಕರೆ ಸಾಕು ಎಂಬ ಉದಾರ ಮನಸ್ಸು ನಿಮ್ಮದು. ಆದರೆ ಈ ಉದಾರತೆಯಿಂದ ನಷ್ಟವಾಗುತ್ತಿರುವುದು ನಿಮಗೇ ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ.

ನಾನೂ ಹಾಗೆಯೇ ಪ್ರಶ್ನಾವಳಿ ಹಿಡಿದು ಹೋದವನು. ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ ಟೊಮೆಟೊ ಬೆಳೆಗಾರರನ್ನು, "ಸಹಕಾರ ಸಂಘದವರು ಒಳ್ಳೆಯ ಬೆಲೆ ಕೊಟ್ಟರೆ ನಿಮ್ಮ ಮಾಲನ್ನು ಅಲ್ಲಿಗೇ ಹಾಕುತ್ತೀರಾ?" ಎಂದು ಕೇಳಿದೆ. ಎಲ್ಲರೂ ಹೌದು ಎಂದರು. ಬೇಡ ಎನ್ನಲು ಯಾರಿಗೆ ಹುಚ್ಚು? ನಾನು ಅದನ್ನೇ ದೊಡ್ಡ ಶೋಧನೆಯೆಂಬಂತೆ ವರದಿಯಲ್ಲಿ ಬರೆದೆ. ಆ ಊರಿನ ಬಹಳಷ್ಟು ಮಂದಿ ಬೀಜ, ಗೊಬ್ಬರಕ್ಕೆಂದು ಮಂಡಿಯವರಿಂದ ಮುಂಗಡ ಪಡೆದಿದ್ದರು; ಮಾಲನ್ನು ಬೇರೆಲ್ಲಿಗೂ ಒಯ್ಯುವಂತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. "ಹೋದ ಸಲ ಯಾರಿಗೆ ಹಾಕಿದಿರಿ, ಏಕೆ ಹಾಕಿದಿರಿ?" ಎಂದು ಕೇಳಿದ್ದರೆ ಮೊದಲ ದಿನವೇ ಅದು ಹೊರಗೆ ಬರುತ್ತಿತ್ತು. ಮುಂದೆ ಏನು ಮಾಡುವಿರಿ ಎಂದು ಕೇಳುವುದಕ್ಕಿಂತ, ಹಿಂದೆ ಏನು ಮಾಡಿದಿರಿ ಎಂದು ಕೇಳುವುದು ಮೇಲು. ತರಗತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರು. ನನಗೆ ಅರ್ಥವಾದದ್ದು ಆ ಹಳ್ಳಿಯಲ್ಲಿ.

ಅದೇ ಊರಿನ ಹಿರಿಯರೊಬ್ಬರು ಹೊರಡುವಾಗ ಅಂದ ಮಾತು ಇಂದಿಗೂ ಚುಚ್ಚುತ್ತದೆ: "ಹೋದ ವರ್ಷಾನೂ ನಿಮ್ಮಂಥ ಹುಡುಗ್ರೇ ಬಂದು ಬರ್ಕೊಂಡು ಹೋದ್ರು ಕಣಪ್ಪ. ಅದ್ರಿಂದ ಏನು ಗೊತ್ತಾಯ್ತು ಅಂತ ಹೇಳೋಕೆ ಒಬ್ರೂ ಬರ್ಲಿಲ್ಲ." ನಾನೂ ಮತ್ತೆ ಹೋಗಲಿಲ್ಲ.

ಮಾರುಕಟ್ಟೆ ಸಂಶೋಧನೆ ಎಂದರೆ ಸಾಬೂನು, ಪೇಸ್ಟು ಮಾರುವ ಕಂಪನಿಗಳ ವಿದ್ಯೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಅಮೆರಿಕದಲ್ಲಿ ಈ ಕಸುಬು ಶುರುವಾದದ್ದೇ ಬೇಸಾಯದ ಸುತ್ತ. 1911ರಲ್ಲಿ ಚಾರ್ಲ್ಸ್ ಕೂಲಿಡ್ಜ್ ಪಾರ್ಲಿನ್ ಎಂಬ ಶಾಲಾ ಉಪಾಧ್ಯಾಯರನ್ನು ಕರ್ಟಿಸ್ ಎಂಬ ಪತ್ರಿಕಾ ಸಂಸ್ಥೆ ಕೆಲಸಕ್ಕೆ ತೆಗೆದುಕೊಂಡಿತು. ಅವರು ಕೈಗೊಂಡ ಮೊದಲ ಅಧ್ಯಯನ ಕೃಷಿ ಉಪಕರಣಗಳ ಮಾರುಕಟ್ಟೆಯ ಮೇಲೆ. ಅಂದರೆ ರೈತನನ್ನು ಕೊಳ್ಳುವವನೆಂದು ಅಳೆಯುವ ಕೆಲಸ ನೂರು ವರ್ಷಕ್ಕೂ ಹಿಂದಿನದು. ರೈತನು ತಾನೇ ಮಾರುವವನಾಗಿ ಮಾರುಕಟ್ಟೆಯನ್ನು ಅಳೆಯುವ ಕೆಲಸ ಮಾತ್ರ ಇನ್ನೂ ಹಿಂದೆ ಉಳಿದಿದೆ.

ಈ ವಿದ್ಯೆ ನಿಮಗೆ ಅಪರಿಚಿತವೇನೂ ಅಲ್ಲ. ಎ.ಪಿ.ಎಂ.ಸಿ. ಅಂಗಳದಲ್ಲಿ ರಾಗಿ ಕೊಳ್ಳುವವನು ಮೇಲಿನ ಮೂಟೆಯನ್ನಷ್ಟೇ ನೋಡಿ ಬೆಲೆ ಕೂಗುವುದಿಲ್ಲ. ನಡುವಿನ ಮೂಟೆಗೂ ತಳದ ಮೂಟೆಗೂ ಕೊಳವೆ ಚುಚ್ಚಿ ಕಾಳು ತೆಗೆದು ನೋಡುತ್ತಾನೆ. ವಿಶ್ವವಿದ್ಯಾಲಯದಲ್ಲಿ ಮಾದರಿ ಆಯ್ಕೆ ಎಂದು ಪಾಠ ಹೇಳುವುದು ಇದನ್ನೇ. ಪ್ರಶಾಂತ ಚಂದ್ರ ಮಹಲನೋಬಿಸ್ ಅವರು 1930ರ ದಶಕದಲ್ಲಿ ಬಂಗಾಳದ ಸೆಣಬಿನ ವಿಸ್ತೀರ್ಣವನ್ನು ಅಂದಾಜು ಮಾಡಲು ಹೊರಟಾಗ ಎಲ್ಲ ಹೊಲಗಳನ್ನೂ ಅಳೆಯಲಿಲ್ಲ. ಯಾರ ಇಷ್ಟಾನಿಷ್ಟಕ್ಕೂ ಬಿಡದೆ, ಚೀಟಿ ಎತ್ತಿದಂತೆ ಆಯ್ದ ಕೆಲವು ತಾಕುಗಳನ್ನು ಮಾತ್ರ ಅಳೆಸಿದರು. ಇದಕ್ಕೆ ತದ್ವಿರುದ್ಧವಾದ ಕಥೆಯೂ ಇದೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು 1 ಕೋಟಿ ಚೀಟಿ ಹಂಚಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದವರು ರೂಸ್ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಪತ್ರಿಕೆಯವರು ವಿಳಾಸಗಳನ್ನು ಬಹುಮಟ್ಟಿಗೆ ಟೆಲಿಫೋನು, ಕಾರು ಉಳ್ಳವರ ಪಟ್ಟಿಗಳಿಂದ ತೆಗೆದಿದ್ದರು. ಮೇಲಿನ ಮೂಟೆಯ ಕಾಳನ್ನೇ ಲಕ್ಷಗಟ್ಟಲೆ ನೋಡಿದರೂ ತಳದ ಮೂಟೆಯ ಗುಣ ತಿಳಿಯಲಿಲ್ಲ.

ಊರಿಗೆ ಬಂದ ವಿದ್ಯಾರ್ಥಿ ಡಾಂಬರು ರಸ್ತೆಯ ಪಕ್ಕದ ನಾಲ್ಕು ಮನೆ, ಪಂಚಾಯಿತಿ ಸದಸ್ಯರ ಮನೆ ಮುಗಿಸಿ ಹೊರಟರೆ ಆಗುವುದೂ ಇದೇ. ಕೊಳವೆಬಾವಿ ಇಲ್ಲದವರು, ಕೇರಿಯ ಕೊನೆಯ ಮನೆಯವರು ವರದಿಯಲ್ಲಿ ಇರುವುದೇ ಇಲ್ಲ. ಆತನನ್ನು ಅಲ್ಲಿಗೂ ಕರೆದೊಯ್ಯುವುದು ಊರಿನವರಿಂದ ಆಗುವ ಕೆಲಸ.

ಇನ್ನು ಬೆಲೆಯ ವಿಷಯ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದು ನಿಮಗೆ ನೆನಪಿದೆ. ಸೆಪ್ಟೆಂಬರ್ ಹೊತ್ತಿಗೆ ಅದು ಕುಸಿದದ್ದೂ ನೆನಪಿರಬೇಕು. ಏರಿದ ಬೆಲೆ ನೋಡಿ ಸಸಿ ನಾಟಿ ಮಾಡಿದವರ ಮೊದಲ ಕೊಯ್ಲು ಬರಲು ಎರಡು ತಿಂಗಳಿಗೂ ಮಿಕ್ಕಿ ಬೇಕು. ಅಷ್ಟರಲ್ಲಿ ಅದೇ ಯೋಚನೆ ಮಾಡಿದ ಎಲ್ಲರ ಹಣ್ಣೂ ಒಟ್ಟಿಗೆ ಬರುತ್ತದೆ. ಹಂದಿ ಸಾಕಣೆಯಲ್ಲಿ ಬೆಲೆ ಹೀಗೆ ಏರಿಳಿಯುವುದನ್ನು ಜರ್ಮನಿಯ ಆರ್ಥರ್ ಹನಾವ್ 1928ರಲ್ಲಿಯೇ ತೋರಿಸಿದ್ದರು. ಇಂಥ ಸುತ್ತಿಗೆ ಅರ್ಥಶಾಸ್ತ್ರಜ್ಞರು ಜೇಡರ ಬಲೆಯ ಸಿದ್ಧಾಂತ ಎಂದು ಹೆಸರಿಟ್ಟಿದ್ದಾರೆ. ಹೆಸರು ಏನಾದರೂ ಇರಲಿ, ಬಲೆಯಲ್ಲಿ ಸಿಕ್ಕುವವರು ನಾವು.

ಇದರಿಂದ ತಪ್ಪಿಸಿಕೊಳ್ಳಲು ಪಿಎಚ್.ಡಿ. ಬೇಕಿಲ್ಲ. ಇಂದಿನ ಬೆಲೆಯನ್ನು ನೋಡುವ ಬದಲು, ನಾಟಿಗೆ ಮೊದಲು ಸುತ್ತಲಿನ ನಾಲ್ಕೈದು ನರ್ಸರಿಗಳಿಗೆ ಹೋಗಿ, ಈ ತಿಂಗಳು ಎಷ್ಟು ಸಸಿ ಹೋಯಿತು, ಹೋದ ವರ್ಷ ಇದೇ ತಿಂಗಳು ಎಷ್ಟು ಹೋಗಿತ್ತು ಎಂದು ವಿಚಾರಿಸಿ ಬರೆದುಕೊಳ್ಳಿ. ಒಂದೇ ನರ್ಸರಿಯ ಮಾತು ನಂಬಬೇಡಿ. ಸಸಿ ಮಾರುವವರು ಬೇಡಿಕೆ ಜಾಸ್ತಿ ಎಂದೇ ಹೇಳುತ್ತಾರೆ. ಮಾರುಕಟ್ಟೆಯ ಧಾರಣೆ ಬರೆದಿಡುವಾಗ ಗರಿಷ್ಠ ಬೆಲೆಯನ್ನು ಬಿಟ್ಟು, ಹೆಚ್ಚು ಮಾಲು ಮಾರಾಟವಾದ ಬೆಲೆಯನ್ನು, ಅಂದರೆ ಧಾರಣೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠದ ಜೊತೆಗೆ ಕೊಡುವ ಮೂರನೆಯ ಅಂಕಿಯನ್ನು ಬರೆಯಿರಿ. ಪಕ್ಕದಲ್ಲಿ ಆ ದಿನದ ಆವಕ ಇರಲಿ. ಕಮಿಷನ್, ಹಮಾಲಿ, ಬಾಡಿಗೆ ಕಳೆದು ಕೈಗೆ ಬಂದದ್ದು ಇನ್ನೊಂದು ಸಾಲಿನಲ್ಲಿರಲಿ. ಮೂರು ವರ್ಷ ಬರೆದಿಟ್ಟವರ ಪುಸ್ತಕಕ್ಕೆ ನಮ್ಮ ಎಷ್ಟೋ ಪ್ರಬಂಧಗಳಿಗಿಂತ ಬೆಲೆ ಜಾಸ್ತಿ. ಇದು ನನ್ನ ಸಹೋದ್ಯೋಗಿಗಳಿಗೆ ರುಚಿಸದಿರಬಹುದು.

ಸುಳ್ಳು ಅಂಕಿಯ ನಷ್ಟ ಇನ್ನೂ ದೊಡ್ಡದು. ಇಳುವರಿ ನಿಜ ಹೇಳಿದರೆ ಯಾವುದೋ ಸವಲತ್ತು ತಪ್ಪೀತು, ಸಾಲದವರಿಗೆ ತಿಳಿದೀತು ಎಂಬ ಅಂಜಿಕೆ ನಿಮ್ಮಲ್ಲಿ ಇರುವುದು ಸಹಜವೇ. ಆದರೆ ಬೇಸಾಯದ ಖರ್ಚನ್ನು ಲೆಕ್ಕ ಹಾಕುವ ಕೇಂದ್ರದ ಸಮಗ್ರ ಯೋಜನೆ 1970-71ರಿಂದ ನಡೆದು ಬಂದಿದ್ದು, ಬಹುತೇಕ ರಾಜ್ಯಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳ ಮೂಲಕವೇ ನಡೆಯುತ್ತದೆ. ಬೆಂಬಲ ಬೆಲೆಯನ್ನು ಶಿಫಾರಸು ಮಾಡುವ ಆಯೋಗ ಆ ಅಂಕಿಗಳನ್ನು ಬಳಸುತ್ತದೆ. 2018-19ರಿಂದ ಬೆಂಬಲ ಬೆಲೆಯನ್ನು ಕೈಯಿಂದ ಹಾಕಿದ ಖರ್ಚು ಮತ್ತು ಮನೆಯವರ ದುಡಿಮೆ ಸೇರಿಸಿದ ಮೊತ್ತದ ಒಂದೂವರೆ ಪಟ್ಟಿಗೆ ಕಡಿಮೆಯಾಗದಂತೆ ನಿಗದಿ ಮಾಡುವ ನೀತಿ ಇದೆ. ಮನೆಯವರ ದುಡಿಮೆ ಎಂಬ ಮಾತನ್ನು ಗಮನಿಸಿ. ರಾಗಿಗೆ ಎಷ್ಟು ಆಳು ಹಿಡಿಯಿತು ಎಂದು ಕೇಳಿದರೆ ಯಜಮಾನರು ಕೂಲಿ ಕೊಟ್ಟ ಆಳುಗಳನ್ನು ಮಾತ್ರ ಹೇಳುತ್ತಾರೆ. ಕಳೆ ತೆಗೆದು, ಕೊಯ್ದು, ತೂರಿದ ಹೆಂಡತಿಯ ದಿನಗಳು, ಸೊಸೆಯ ದಿನಗಳು ಲೆಕ್ಕಕ್ಕೆ ಬರುವುದೇ ಇಲ್ಲ. ಆಕೆ ಒಳಗೆ ಅಡುಗೆ ಮನೆಯಲ್ಲಿರುತ್ತಾಳೆ, ಪ್ರಶ್ನೆ ಹೊರಗೆ ಜಗುಲಿಯಲ್ಲಿ ನಡೆಯುತ್ತಿರುತ್ತದೆ.

ವಿಶ್ವವಿದ್ಯಾಲಯದವರಾದ ನಮಗೂ ಒಂದು ಮಾತು. ಪ್ರಶ್ನಾವಳಿ ಮಾಡುವುದು, ಕೋಷ್ಟಕ ಹಾಕುವುದು, ಕಂಪ್ಯೂಟರಿನಲ್ಲಿ ವಿಶ್ಲೇಷಿಸುವುದು, ಎಲ್ಲವನ್ನೂ ಕಲಿಸುತ್ತೇವೆ. ಹಿಂದಿರುಗಿ ಹೋಗಿ ಹೇಳುವುದನ್ನು ಕಲಿಸುವುದಿಲ್ಲ. ಸಮೀಕ್ಷೆ ಮಾಡಿದ ಊರಿಗೆ ಮತ್ತೆ ಹೋಗಿ, ಕಂಡದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಓದಿ ಹೇಳದ ಹೊರತು ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಬಾರದೆಂಬುದು ನನ್ನ ಅಭಿಪ್ರಾಯ. ಸೆಮಿಸ್ಟರಿನಲ್ಲಿ ಅದಕ್ಕೆ ಸಮಯವೆಲ್ಲಿ ಎನ್ನುತ್ತಾರೆ. ಬರೆದುಕೊಳ್ಳಲು ಹೋಗುವುದಕ್ಕೆ ಸಮಯ ಸಿಕ್ಕಿತಲ್ಲ! ಅಲ್ಲದೆ ವರದಿಯಲ್ಲಿ ತಪ್ಪಿದ್ದರೆ ಊರಿನವರು ಅಲ್ಲಿಯೇ ತಿದ್ದುತ್ತಾರೆ. ನನ್ನ ವರದಿಯನ್ನು ಆ ಊರಿನಲ್ಲಿ ಓದಿದ್ದರೆ ಮಂಡಿಯ ಮುಂಗಡದ ವಿಷಯ ಐದೇ ನಿಮಿಷದಲ್ಲಿ ಹೊರಬೀಳುತ್ತಿತ್ತು.

ನಿಯಮ ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಸಲ ಪ್ರಶ್ನಾವಳಿ ಹಿಡಿದವರು ಬಂದಾಗ ಮನೆಯಾಕೆಯನ್ನೂ ಕರೆದು ಕೂರಿಸಿಕೊಳ್ಳಿ. ಗೊತ್ತಿಲ್ಲದ ಅಂಕಿಗೆ ಗೊತ್ತಿಲ್ಲ ಎನ್ನಿ. ಪ್ರಶ್ನೆ ಅರ್ಥವಿಲ್ಲದ್ದಾಗಿದ್ದರೆ ಹಾಗೆಂದೇ ಹೇಳಿ, ಹುಡುಗರು ಕಲಿಯುತ್ತಾರೆ. ಕಾಫಿ ಕುಡಿದು ಏಳುವಾಗ, ಮಾರ್ಗದರ್ಶಕ ಅಧ್ಯಾಪಕರು ಯಾರು, ವರದಿ ಎಂದು ಮುಗಿಯುತ್ತದೆ, ಮತ್ತೆ ಎಂದು ಬರುತ್ತೀರಿ ಎಂದು ಕೇಳಿ, ಅವರ ಕೈಯಿಂದಲೇ ನಿಮ್ಮ ಪುಸ್ತಕದಲ್ಲಿ ತಾರೀಖು ಬರೆಸಿಕೊಳ್ಳಿ.