ಐದನೆಯವಳ ಹಾಸಿಗೆ

ನಮ್ಮ ಕುರಕುಂಟಾದ ಮನೆಗಳಲ್ಲಿ ರಾತ್ರಿ ಒಬ್ಬರು ಹೆಚ್ಚಾದರೆ ಯಾರೂ ಗಾಬರಿಯಾಗುವುದಿಲ್ಲ. ನೆಲಕ್ಕೆ ಶಹಾಬಾದಿ ಕಲ್ಲು, ಮೂಲೆಯಲ್ಲಿ ಮಡಚಿಟ್ಟ ನಾಲ್ಕು ಕೌದಿ, ಬುಟ್ಟಿಯಲ್ಲಿ ಎರಡು ಜೋಳದ ರೊಟ್ಟಿ ಹೆಚ್ಚಿಗೆ ಇದ್ದೇ ಇರುತ್ತವೆ. ಊರಿನ ಸಿಮೆಂಟ್ ಕಾರ್ಖಾನೆ 1998ರಲ್ಲಿ ನಿಂತಿತು. ಅದು ನಡೆಯುತ್ತಿದ್ದ ಕಾಲದಲ್ಲಂತೂ ಕೆಲಸ ಹುಡುಕಿಕೊಂಡು ಬಂದ ನೆಂಟರು ವಾರಗಟ್ಟಲೆ ನಮ್ಮ ಪಡಸಾಲೆಯಲ್ಲಿ ಮಲಗಿ ಎದ್ದಿದ್ದಾರೆ. "ಇಷ್ಟು ಮಂದ್ಯಾಗ ಇನ್ನೊಬ್ಬರು ಭಾರ ಏನು?" ಎನ್ನುವುದು ನಮ್ಮ ಕಡೆಯ ಮಾತು. ಇದೇ ಮಾತನ್ನು ಗಂಟು ಕಟ್ಟಿಕೊಂಡು ನಾವು ಲಾಡ್ಜಿಗೂ ಹೋಗುತ್ತೇವೆ. ನನ್ನ ತಕರಾರು ಇರುವುದು ಇಲ್ಲಿ.

ದಸರೆಯ ರಜೆಯಲ್ಲಿ ಮೈಸೂರಿಗೆ ಹೊರಟಿದ್ದೆವು. ಗಂಡ, ನಾನು, ಇಬ್ಬರು ಮಕ್ಕಳು ಎಂದು ಹೇಳಿ ಕೋಣೆ ಕಾದಿರಿಸಿಯಾಗಿತ್ತು. ಹೊರಡುವ ಎರಡು ದಿನ ಮೊದಲು ನಮ್ಮ ಚಿಗವ್ವ, "ಅರಮನಿ ದೀಪ ಒಮ್ಮಿ ನೋಡಿ ಸಾಯಬೇಕು ನೋಡವ್ವಾ" ಅಂದಳು. ಗಂಡ ತೀರಿದ ಮೇಲೆ ಹತ್ತು ವರ್ಷ ನಮ್ಮ ಮಕ್ಕಳನ್ನು ಎತ್ತಿ ಆಡಿಸಿದವಳು. ಬಾ ಎಂದೆ. ವಾಡಿಗೆ ಹೋಗಿ ರೈಲು ಹತ್ತಿದೆವು. ಲಾಡ್ಜಿಗೆ ಒಂದು ಮಾತು ತಿಳಿಸಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಸುಳ್ಳೇಕೆ, ನನಗೆ ಹೊಳೆದಿತ್ತು; ದುಡ್ಡು ಉಳಿದರೆ ಉಳಿಯಲಿ ಎಂದು ಸುಮ್ಮನಿದ್ದೆ.

ಮೇಜಿನ ಹಿಂದಿದ್ದ ಹುಡುಗ ತಲೆ ಎಣಿಸಿದ. ಐದನೆಯವರಿಗೆ ರಾತ್ರಿಗೆ ಐನೂರು ಎಂದ. ನಮ್ಮ ಮನೆಯವರು, "ಹಾಸಿಗಿ ಬ್ಯಾಡ್ರಿ, ಅವರು ಕೆಳಗ ಮಲಗತಾರ" ಎಂದರು. ಹಾಸಿಗೆ ಬೇಡವಾದರೂ ಐನೂರೇ ಎಂದ. ಚೌಕಾಶಿ ಶುರುವಾಯಿತು. ಐನೂರು, ಮುನ್ನೂರು, ಇನ್ನೂರು! ಯಾರ ಬೆಲೆ ಕಟ್ಟುತ್ತಿದ್ದರೋ ಆಕೆ ಕೈಚೀಲ ಎದೆಗೆ ಅವಚಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಕೊನೆಗೆ, "ಬಿಡ್ರೆಪಾ, ನಾ ಠೇಸನ್ನ್ಯಾಗ ಮಲಕೋತೀನಿ" ಅಂದಳು. ಆ ಮಾತು ಕೇಳಿ ನನಗೆ ಬಂದ ಸಿಟ್ಟು ಮೊದಲು ಹುಡುಗನ ಮೇಲೆ, ಆಮೇಲೆ ಗಂಡನ ಮೇಲೆ, ಕಡೆಗೆ ನನ್ನ ಮೇಲೆ.

ಗೆಳತಿಯರೇ, ನಿಮ್ಮ ಪ್ರವಾಸಗಳನ್ನು ಒಮ್ಮೆ ನೆನೆದು ನೋಡಿ. ಕೋಣೆಗೆ ಕೊನೆಯಲ್ಲಿ ಸೇರುವ ಆ 'ಹೆಚ್ಚಿನವರು' ಯಾರು? ಮಾವನವರಾದರೆ ಅವರ ಹೆಸರಿನಲ್ಲಿ ಮೊದಲೇ ಹಾಸಿಗೆ ಗೊತ್ತಾಗಿರುತ್ತದೆ. ಹೆಚ್ಚಿನವರು ಎಂದರೆ ವಿಧವೆ ಚಿಗವ್ವ, ಮದುವೆಯಾಗದ ನಾದಿನಿ, ಮಕ್ಕಳನ್ನು ಹಿಡಿಯಲು ಬಂದ ತಂಗಿ. ನೆಲಕ್ಕೆ ಇಳಿಯುವವಳೂ ಅವಳೇ. ಅವಳು ಇಳಿಯದಿದ್ದರೆ ನಾವು ಇಳಿಯುತ್ತೇವೆ. ಹನ್ನೆರಡು ವರ್ಷದ ಮಗ ಮಾತ್ರ ಮಂಚದ ನಡುವೆ ಕೈಕಾಲು ಚಾಚಿ ಮಲಗಿರುತ್ತಾನೆ.

ಲಾಡ್ಜಿನವರು ಲೋಭಿಗಳು, ನಮ್ಮಲ್ಲಿ ಅತಿಥಿಗೆ ಯಾರಾದರೂ ದುಡ್ಡು ಕೇಳುತ್ತಾರೆಯೇ ಎಂದು ಗಂಡಸರು ಗೊಣಗುತ್ತಾರೆ. ಕೇಳುವುದಿಲ್ಲ, ನಿಜ. ಏಕೆಂದರೆ ಆ ನೀರು ತುಂಬಿದವಳು, ರೊಟ್ಟಿ ಬಡಿದವಳು, ಹೊದಿಕೆ ಒಗೆದವಳು ಎಂದೂ ಬಿಲ್ಲು ಬರೆದುಕೊಟ್ಟಿಲ್ಲ. ಲಾಡ್ಜಿನಲ್ಲಿ ಅದೇ ಕೆಲಸಕ್ಕೆ ಮೊದಲ ಸಲ ಅಂಕಿ ಕಾಣಿಸಿತು. ಐನೂರು ಎಂದರೆ ಹೊಟ್ಟೆ ಉರಿಯುವವರು, ಮನೆಯಲ್ಲಿ ಇಷ್ಟು ವರ್ಷ ಆ ಐನೂರನ್ನು ತುಂಬಿದವರು ಯಾರೆಂದು ಲೆಕ್ಕ ಹಾಕಲಿ.

ಹಾಗೆಂದು ಲಾಡ್ಜಿನವರನ್ನು ನಾನು ಬಿಟ್ಟುಕೊಡುವುದಿಲ್ಲ. ತಲೆಗೆ ದುಡ್ಡು ತೆಗೆದುಕೊಂಡ ಮೇಲೆ ಆ ತಲೆಗೆ ದಿಂಬು ಬೇಡವೇ? ಗಾದಿ, ಹೊದಿಕೆ, ಟವೆಲ್, ಬೆಳಗಿನ ನಾಷ್ಟಾ ಎಲ್ಲವೂ ಐದಾಗಬೇಕು. ಎಷ್ಟು ವಯಸ್ಸಿನ ಮಗುವಿಗೆ ದುಡ್ಡಿಲ್ಲ, ದೊಡ್ಡವರಿಗೆ ಎಷ್ಟು ಎಂಬುದನ್ನು ಕೋಣೆ ಕೊಡುವಾಗಲೇ ಹೇಳಬೇಕು. ರೈಲಿನಲ್ಲಿ ಮೈ ಹಣ್ಣಾಗಿ ಬಂದವರ ಮುಂದೆ ಹೊಸ ದರ ತೆಗೆಯಬಾರದು. ತೆರಿಗೆಯ ಲೆಕ್ಕವೂ ಬಿಲ್ಲಿನಲ್ಲಿ ಕಾಣಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ನೂರಕ್ಕೆ 12 ಇದ್ದದ್ದು 5 ಆಗಿದೆ. ಇನ್ನೊಂದು ಮಾತು: ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಹೋಟೆಲಿನಿಂದ ಹೊರಗಿಡಬಾರದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಆದರೂ ಒಂಟಿ ಹೆಂಗಸು ಕೋಣೆ ಕೇಳಿದರೆ ಮೇಲಿನಿಂದ ಕೆಳಗಿನವರೆಗೆ ನೋಡುವ ಕಣ್ಣುಗಳು ಇನ್ನೂ ಇವೆ. 'ಫ್ಯಾಮಿಲಿ' ಎಂಬ ಬೋರ್ಡಿನ ಕೆಳಗೆ ಹೆಂಗಸು ಗಂಡಸಿನ ಹೆಸರಿನ ಹಿಂದೆಯೇ ನಿಲ್ಲಬೇಕೆ?

ಆದರೆ ಕದ್ದು ಸೇರಿಸುವುದು ಇದಕ್ಕೆ ಉತ್ತರವಲ್ಲ. ರಾತ್ರಿ ಬೆಂಕಿ ಬಿದ್ದರೆ ಹುಡುಕುವುದು ಪುಸ್ತಕದಲ್ಲಿರುವ ಹೆಸರುಗಳನ್ನು. ಪುಸ್ತಕದಲ್ಲಿ ನಾಲ್ವರಿದ್ದರೆ ಐದನೆಯವಳನ್ನು ಯಾರು ಹುಡುಕುತ್ತಾರೆ? ಆದ್ದರಿಂದ ಜನ ಹೆಚ್ಚಾದ ದಿನವೇ ಫೋನು ಮಾಡಿ. ದುಡ್ಡೆಷ್ಟು, ಅದರಲ್ಲಿ ಹಾಸಿಗೆ ಸೇರಿದೆಯೇ ಎಂದು ಕೇಳಿ, ಉತ್ತರವನ್ನು ಮೊಬೈಲಿಗೆ ಬರೆದು ಕಳಿಸಲು ಹೇಳಿ. ಅಷ್ಟು ಕೊಡುವುದು ಆಗದಿದ್ದರೆ ಒಂದು ದಿನ ಕಡಿಮೆ ಉಳಿಯಿರಿ. ಹಾಸಿಗೆ ಕಡಿಮೆ ಬಿದ್ದರೆ ಮಕ್ಕಳು ಕೆಳಗೆ ಮಲಗಲಿ. ಅವರ ಮೊಳಕಾಲು ಇನ್ನೂ ನೋಯುವುದಿಲ್ಲ.

ಆ ದಿನ ನಾನೇ ಪರ್ಸು ತೆಗೆದು ಐನೂರು ಇಟ್ಟೆ, ಹಾಸಿಗೆ ಕಳಿಸು ಎಂದೆ. ಹುಡುಗ ಪುಸ್ತಕ ತಿರುಗಿಸಿ ಚಿಗವ್ವನ ಕಡೆ ನೋಡಿ, "ನಿಮ್ಮ ಹೆಸರು ಏನಮ್ಮಾ?" ಎಂದು ಕೇಳಿದ. ಆಕೆ ನನ್ನ ಮುಖ ನೋಡಿದಳು. ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಹೇಳಿದಳು, ಗಂಡನ ಹೆಸರು ಸೇರಿಸದೆ. ಆಮೇಲೆ ಚೀಲದಿಂದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, "ಸರಿ ಬರಿ ತಮ್ಮಾ, ತಪ್ಪು ಮಾಡಬ್ಯಾಡ" ಅಂದಳು.