ಮನೆಯ ಮಾತು ಮನೆಯಲ್ಲಿಯೇ ಇರಲಿ

ಹದಿನಾರು ಅಕ್ಷರಗಳ ಎರಡೇ ಸಾಲುಗಳನ್ನು ತೋರಬಲ್ಲ ಪುಟ್ಟ ಎಲ್‌ಸಿಡಿ ಫಲಕವನ್ನು ಅಡುಗೆಮನೆಯ ಗೋಡೆಗೆ ತಗುಲಿಸಿ, ವೈಫೈ ಚಿಪ್ಪಿನ ಮೂಲಕ ಅದಕ್ಕೆ ನೀರಿನ ಟ್ಯಾಂಕಿನ ಮಟ್ಟವನ್ನು ತಿಳಿಸಬಯಸುವ ಗೃಹಸ್ಥನು, ಆ ಅಲ್ಪ ಸಂದೇಶವನ್ನು ದೂರದೇಶದ ಸರ್ವರ್‌ಗೆ ಒಪ್ಪಿಸಿ ಮರಳಿ ಪಡೆಯುವುದು, ಪಕ್ಕದ ಕೋಣೆಯವನಿಗೆ ದಿಲ್ಲಿಯ ಮಾರ್ಗವಾಗಿ ಕಾಗದ ಬರೆದಷ್ಟೇ ಅನಾವಶ್ಯಕವೆಂಬುದು ನನ್ನ ದೃಢವಾದ ಅಭಿಪ್ರಾಯ. ತೈಲದ ಕೊಳವೆಮಾರ್ಗಗಳ ಮೇಲ್ವಿಚಾರಣೆಗೆಂದು 1999ರಲ್ಲಿ ರೂಪುಗೊಂಡ ಎಂಕ್ಯೂಟಿಟಿ ಎಂಬ ಮಿತಭಾಷಿಯಾದ ಸಂವಹನಕ್ರಮವು, ಮನೆಯದೇ ಸಣ್ಣ ಗಣಕವೊಂದನ್ನು ಮಧ್ಯಸ್ಥನನ್ನಾಗಿ ಇರಿಸಿದರೆ, ಅಂತರ್ಜಾಲವು ಕಡಿದುಹೋದಾಗಲೂ ಈ ಕಾರ್ಯವನ್ನು ಸುಸೂತ್ರವಾಗಿ ನೆರವೇರಿಸಬಲ್ಲದು.

ಕನ್ನಡಕ್ಕೆ ಮಾತ್ರ ಇಲ್ಲಿ ಎಡೆ ಕಿರಿದು. ಇಂತಹ ಫಲಕಗಳನ್ನು ಬಹುಕಾಲದಿಂದ ಆಳುತ್ತಿರುವ ಹಿಟಾಚಿಯ ಎಚ್‌ಡಿ44780 ನಿಯಂತ್ರಕವು ನಾವೇ ರಚಿಸುವ ಅಕ್ಷರಗಳಿಗೆ ಎಂಟು ಸ್ಥಾನಗಳನ್ನಷ್ಟೇ ಬಿಟ್ಟಿದೆ. 5×8 ಚುಕ್ಕಿಗಳ ಆ ಇಕ್ಕಟ್ಟಿನಲ್ಲಿ ನಮ್ಮ ಒತ್ತಕ್ಷರಗಳು, ಪಾಪ, ಕಾಲು ಚಾಚಲಾರವು. ಆದುದರಿಂದ ಕೊಳ್ಳುವವರು ಚುಕ್ಕಿಚುಕ್ಕಿಯಾಗಿ ಚಿತ್ರಿಸಬಲ್ಲ ಓಎಲ್‌ಇಡಿ ಫಲಕವನ್ನೇ ಆರಿಸಿಕೊಳ್ಳಲಿ.